ನೀವು ಕೇಳಿದಿರಿ: ರಾವುತರ ಮಾನ ಮತ್ತು ಆ ಎರಡು ಹೆಜ್ಜೆ

ಹಿಂದಿನ ಸಂಚಿಕೆಯಲ್ಲಿ ಬ್ರಿಟನ್ನಿನ ದಂತಕತೆಯ ಆರ್ಥರ್ ರಾಜ ಮತ್ತು ಅವನ ರಾವುತರ, ಅಂದರೆ ನೈಟ್‌ಗಳ, ಕತೆಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಕೊಡಗಿನ ಬೇರೆ ಬೇರೆ ಊರುಗಳಿಂದ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಕತೆಗಳನ್ನು ನಾನು ಇಲ್ಲೇ ಒಂದು ಕಾಲೇಜಿನಲ್ಲಿ ಬಹಳ ವರ್ಷ ಪಾಠ ಮಾಡಿದವನು. ಜೂನ್ ಮಳೆ ಶೀಟಿನ ಮೇಲೆ ಬಡಿಯುವಾಗ ಗಂಟಲು ಹರಿಯುವಂತೆ ಕೂಗಿ ಓದಿದವನು. ಹಾಗಾಗಿ ಈ ಸಲ ಬೇರೆ ಪ್ರಶ್ನೆ ಬೇಡ, ಪೂರ್ತಿ ಅಂಕಣ ಇದಕ್ಕೇ ಇರಲಿ.

ಪ್ರಶ್ನೆ: ಎಂ.ಎ. ಇಂಗ್ಲಿಷ್ ಎರಡನೇ ವರ್ಷದಲ್ಲಿದ್ದೇನೆ. 'ಆರ್ಥರ್ ಸಾಹಿತ್ಯದಲ್ಲಿ ಷಿವಲ್ರಿ (ರಾವುತರ ನಡತೆಯ ಆದರ್ಶ) ಮತ್ತು ಮಾನ' ಅಂತ ಕಿರುಪ್ರಬಂಧ ಬರೆಯಬೇಕು. ಓದಿದಷ್ಟೂ ಪುಸ್ತಕ ಜಾಸ್ತಿ ಆಗುತ್ತಿವೆ. ಶೌರ್ಯ, ನಿಷ್ಠೆ, ಕರುಣೆ, ಸೌಜನ್ಯ ಅಂತ ಪಟ್ಟಿ ಮಾಡಿಟ್ಟಿದ್ದೇನೆ. ಮುಂದಕ್ಕೆ ಹೋಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ? – ವಿದ್ಯಾರ್ಥಿನಿ, ಗೋಣಿಕೊಪ್ಪ

ಉತ್ತರ: ಮೊದಲು ಆ ಪಟ್ಟಿಯನ್ನು ಪಕ್ಕಕ್ಕೆ ಇಡಮ್ಮ. ನಾನೂ ಮೊದಲ ಕೆಲವು ವರ್ಷ ಹಾಗೇ ಪಾಠ ಮಾಡಿದೆ. ಬೋರ್ಡಿನ ಮೇಲೆ ಗುಣಗಳ ಹೆಸರು ಬರೆಯುವುದು, ಒಂದೊಂದಕ್ಕೆ ಒಂದೊಂದು ಉದಾಹರಣೆ ಕೊಡುವುದು. ಮಕ್ಕಳು ಬರೆದುಕೊಂಡರು, ಪಾಸಾದರು, ಮರೆತರು. ಗುಣಗಳ ಪಟ್ಟಿಯಲ್ಲಿ ಕತೆ ಇಲ್ಲ. ಕೊಟ್ಟ ಮಾತು ಎಲ್ಲಿ ಮುರಿಯುತ್ತದೋ ಅಲ್ಲಿ ಕತೆ ಇದೆ.

ಒಂದು ದೃಶ್ಯ ಹೇಳುತ್ತೇನೆ. ಕ್ರೆತಿಯೆನ್ ದ ತ್ರ್ವಾ ಎಂಬ ಫ್ರೆಂಚ್ ಕವಿ 12ನೇ ಶತಮಾನದ ಕೊನೆಯ ಭಾಗದಲ್ಲಿ ಬರೆದ ಲಾನ್ಸೆಲಾಟ್ ಕಾವ್ಯದ್ದು. ಆರ್ಥರ್‌ನ ರಾಣಿ ಗ್ವಿನಿವಿಯರಳನ್ನು ಶತ್ರು ಹೊತ್ತೊಯ್ದಿದ್ದಾನೆ. ಅವಳನ್ನು ಪ್ರೀತಿಸುವ, ಹುಡುಕಿಕೊಂಡು ಹೊರಟ ರಾವುತ ಲಾನ್ಸೆಲಾಟ್‌ನ ಕುದುರೆ ಸತ್ತಿದೆ. ಎದುರಿಗೆ ಒಂದು ಗಾಡಿ ಬರುತ್ತದೆ. ಅದು ಕಳ್ಳರನ್ನು, ಕೊಲೆಗಾರರನ್ನು ಊರ ತುಂಬ ಮೆರವಣಿಗೆ ಮಾಡಿಸುವ ಗಾಡಿ. ಅದನ್ನು ಹತ್ತಿದವನಿಗೆ ಜನ್ಮಕ್ಕೂ ಮರ್ಯಾದೆ ಇಲ್ಲ. ಗಾಡಿ ಹೊಡೆಯುವ ಕುಳ್ಳ 'ಹತ್ತು, ರಾಣಿಯ ಸುದ್ದಿ ಹೇಳುತ್ತೇನೆ' ಅನ್ನುತ್ತಾನೆ. ಲಾನ್ಸೆಲಾಟ್ ಹತ್ತುತ್ತಾನೆ. ಆದರೆ ಹತ್ತುವ ಮುಂಚೆ ಎರಡು ಹೆಜ್ಜೆ ತಡಮಾಡುತ್ತಾನೆ. ಎರಡೇ ಹೆಜ್ಜೆ. ಆಮೇಲೆ ಅವನು ಕತ್ತಿಯ ಅಲಗಿನಂಥ ಸೇತುವೆಯನ್ನು ಬರಿಗೈ ಬರಿಗಾಲಲ್ಲಿ ದಾಟುತ್ತಾನೆ, ರಕ್ತ ಸುರಿಸುತ್ತಾ ಹೋರಾಡುತ್ತಾನೆ, ರಾಣಿಯ ಮುಂದೆ ಬಂದು ನಿಲ್ಲುತ್ತಾನೆ. ಅವಳು ಮುಖ ತಿರುಗಿಸುತ್ತಾಳೆ. ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ: ಆ ಎರಡು ಹೆಜ್ಜೆಗೆ.

ನಿಮ್ಮ ಪ್ರಬಂಧ ಪೂರ್ತಿ ಇಲ್ಲೇ ಇದೆ ನೋಡಿ. ಗಾಡಿ ಹತ್ತಿದ್ದಕ್ಕೆ ಊರಿನವರು ಅವನನ್ನು ಹೀನಾಯವಾಗಿ ಕಾಣುತ್ತಾರೆ. ತಡಮಾಡಿದ್ದಕ್ಕೆ ರಾಣಿ ಸಿಟ್ಟಾಗುತ್ತಾಳೆ. ಊರು ಕೊಡುವ ಮಾನ ಒಂದು ಕಡೆ, ಪ್ರೀತಿ ಕೇಳುವ ಮಾನ ಇನ್ನೊಂದು ಕಡೆ, ನಡುವೆ ಎರಡು ಹೆಜ್ಜೆಯಷ್ಟು ಜಾಗ. ನನ್ನ ಒಬ್ಬ ಹಳೆಯ ವಿದ್ಯಾರ್ಥಿನಿ, ಕಾಫಿ ತೋಟದ ಲೈನ್ ಮನೆಯಿಂದ ಬರುತ್ತಿದ್ದವಳು, ಇದನ್ನು ಕೇಳಿ ಸುಮ್ನೆ ಕೂತಿದ್ದು ಆಮೇಲೆ ಕೇಳಿದಳು: 'ಸಾರ್, ಆ ಎರಡು ಹೆಜ್ಜೆ ಲೆಕ್ಕ ಇಟ್ಟಿದ್ದು ಯಾರು?' ಅವತ್ತಿಂದ ನಾನು ಪಾಠ ಮಾಡುವ ಕ್ರಮವೇ ಬದಲಾಯಿತು. ನೀವೂ ಪ್ರತಿ ಕತೆಯಲ್ಲಿ ಅದನ್ನೇ ಕೇಳಿ. ನಾಚಿಕೆ ಯಾರಿಗಾಯಿತು, ಅದನ್ನು ಕಂಡವರು ಯಾರು, ಲೆಕ್ಕ ಇಟ್ಟವರು ಯಾರು?

ಇನ್ನು ಪುಸ್ತಕದ ಮಾತು. ಎಲ್ಲ ಓದಲು ಹೋಗಬೇಡಿ. ಜೆಫ್ರಿ ಆಫ್ ಮನ್ಮತ್ 1130ರ ದಶಕದಲ್ಲಿ ಲ್ಯಾಟಿನ್‌ನಲ್ಲಿ ಬರೆದ ಬ್ರಿಟನ್ ರಾಜರ ಚರಿತ್ರೆಯಿಂದ ಮ್ಯಾಲೊರಿಯ 'ಲ ಮೋರ್ಟ್ ಡಾರ್ಥರ್'ವರೆಗೆ ಮುನ್ನೂರು ವರ್ಷಕ್ಕೂ ಜಾಸ್ತಿ ಅಂತರ ಇದೆ. ಆರ್ಥರ್‌ನ ರಾವುತರೆಲ್ಲ ಸುತ್ತ ಕೂರುವ ದುಂಡು ಮೇಜು ಮೊದಲು ಕಾಣುವುದು 1155ರಲ್ಲಿ ವಾಸ್ ಬರೆದ ಫ್ರೆಂಚ್ ಕಾವ್ಯದಲ್ಲಿ. ಜೆಫ್ರಿಯಲ್ಲಿ ಅದು ಇಲ್ಲವೇ ಇಲ್ಲ. ಗ್ವಿನಿವಿಯರಳ ಪ್ರಿಯನಾಗಿ ಲಾನ್ಸೆಲಾಟ್ ಬರುವುದು ಕ್ರೆತಿಯೆನ್‌ನಿಂದ. 'ಮಧ್ಯಯುಗದ ರಾವುತ ಹೀಗಿದ್ದ' ಅಂತ ಒಂದೇ ವಾಕ್ಯದಲ್ಲಿ ಬರೆದರೆ ಪಂಪನನ್ನೂ ಕುಮಾರವ್ಯಾಸನನ್ನೂ ಒಂದೇ ಪಾತ್ರೆಗೆ ಸುರಿದ ಹಾಗೆ ಆಗುತ್ತದೆ.

ಎರಡು ಕೃತಿ ಸಾಕು. ಒಂದು ಮ್ಯಾಲೊರಿ. ಅವನು ಅದನ್ನು ಬರೆದು ಮುಗಿಸಿದ್ದು 1469-70ರ ಸುಮಾರಿಗೆ, ಸೆರೆಮನೆಯಲ್ಲಿದ್ದಾಗ. ಕ್ಯಾಕ್ಸ್‌ಟನ್ ಅಚ್ಚು ಹಾಕಿದ್ದು 1485ರಲ್ಲಿ. ಅದರಲ್ಲಿ ಈಸ್ಟರ್ ಕಳೆದು ಏಳು ವಾರಕ್ಕೆ ಬರುವ ಪೆಂಟೆಕೋಸ್ಟ್ ಹಬ್ಬದಲ್ಲಿ ಪ್ರತಿ ವರ್ಷ ರಾವುತರೆಲ್ಲ ಒಂದು ಪ್ರತಿಜ್ಞೆ ಮಾಡುತ್ತಾರೆ. ದೌರ್ಜನ್ಯ, ಕೊಲೆ ಮಾಡುವುದಿಲ್ಲ, ದ್ರೋಹದಿಂದ ದೂರ ಇರುತ್ತೇವೆ, ಶರಣು ಅಂದವನ ಪ್ರಾಣ ಉಳಿಸುತ್ತೇವೆ, ಹೆಂಗಸರಿಗೆ ನೆರವಾಗುತ್ತೇವೆ, ಅವರ ಮೇಲೆ ಬಲಾತ್ಕಾರ ಮಾಡಿದರೆ ಮರಣದಂಡನೆ, ಅನ್ಯಾಯದ ಜಗಳಕ್ಕೆ ಕತ್ತಿ ಎತ್ತುವುದಿಲ್ಲ. ಈ ಪ್ರತಿಜ್ಞೆಯನ್ನು ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಆಮೇಲೆ ಕತೆ ಓದುತ್ತಾ ಯಾವ ಮಾತು ಯಾವ ಪುಟದಲ್ಲಿ ಮುರಿಯಿತು ಅಂತ ಎದುರಿಗೆ ಗುರುತು ಮಾಡಿ. ಮ್ಯಾಲೊರಿ ಮಾನಕ್ಕೆ ಬಳಸುವ ಪದ 'ವರ್ಶಿಪ್'. ಇವತ್ತಿನ ಅರ್ಥದ ಪೂಜೆ ಅಲ್ಲ ಅದು, ನಾಲ್ಕು ಜನ ನಿಮಗೆ ಕಟ್ಟುವ ಬೆಲೆ. ಅದರ ಎದುರು ಪದ 'ಷೇಮ್'. ಇವೆರಡು ಎಲ್ಲೆಲ್ಲಿ ಬರುತ್ತವೆ ಅಂತ ಹುಡುಕುವುದೇ ಒಂದು ಅಧ್ಯಾಯದ ಕೆಲಸ.

ಇನ್ನೊಂದು, 'ಸರ್ ಗಾವೇನ್ ಅಂಡ್ ದ ಗ್ರೀನ್ ನೈಟ್'. 14ನೇ ಶತಮಾನದ ಕೊನೆಯದು, ಕವಿಯ ಹೆಸರು ಗೊತ್ತಿಲ್ಲ, ಉಳಿದಿರುವುದು ಒಂದೇ ಒಂದು ಹಸ್ತಪ್ರತಿ, ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಬರೀ 2530 ಸಾಲು. ಇದನ್ನು ಮಾತ್ರ ಅನುವಾದದಲ್ಲಾದರೂ ಎರಡು ಸಲ ಓದಿ. ವಿಮರ್ಶೆಗೆ ಮಾರಿಸ್ ಕೀನ್ 1984ರಲ್ಲಿ ಬರೆದ 'ಷಿವಲ್ರಿ' ಒಂದು, ರಿಚರ್ಡ್ ಕೌಪರ್ 1999ರಲ್ಲಿ ಷಿವಲ್ರಿ ಮತ್ತು ಹಿಂಸೆಯ ಬಗ್ಗೆ ಬರೆದ ಪುಸ್ತಕ ಒಂದು. ಆದರೆ ಮೂಲ ಓದಿದ ಮೇಲೆ. ಮುಂಚೆ ಅಲ್ಲ.

ಪ್ರಶ್ನೆ: ಸೇನೆಯಲ್ಲಿ 28 ವರ್ಷ ಇದ್ದು ನಿವೃತ್ತನಾಗಿದ್ದೇನೆ. ಈ ಆರ್ಥರ್, ಅವನ ರಾವುತರು ನಿಜವಾಗಿ ಇದ್ದರೇ? ಯುದ್ಧದಲ್ಲಿ ಯಾರಾದರೂ ಹಾಗೆ ನಡೆದುಕೊಂಡದ್ದು ಉಂಟೇ? – ನಿವೃತ್ತ ಸುಬೇದಾರರು, ವಿರಾಜಪೇಟೆ

ಉತ್ತರ: ಸುಬೇದಾರ್ ಸಾಹೇಬರೇ, ಕತೆಯಲ್ಲಿರುವ ಆರ್ಥರ್ ಚರಿತ್ರೆಯಲ್ಲಿ ಸಿಗುವುದಿಲ್ಲ. 9ನೇ ಶತಮಾನದ ಒಂದು ಲ್ಯಾಟಿನ್ ಗ್ರಂಥ ಅವನು ಸ್ಯಾಕ್ಸನರ ವಿರುದ್ಧ ಮಾಡಿದ 12 ಯುದ್ಧಗಳನ್ನು ಹೆಸರಿಸುತ್ತದೆ. ಅಲ್ಲಿ ಅವನನ್ನು ರಾಜ ಅನ್ನುವುದಿಲ್ಲ, ಯುದ್ಧಗಳ ನಾಯಕ ಅನ್ನುತ್ತದೆ. ಉಕ್ಕಿನ ಕವಚ, ಕೋಟೆ, ಪಂದ್ಯ ಎಲ್ಲ ಆಮೇಲಿನವರು ತಮ್ಮ ಕಾಲದ ಬಟ್ಟೆ ಅವನಿಗೆ ತೊಡಿಸಿದ್ದು.

ಎರಡನೇ ಪ್ರಶ್ನೆ ಮುಖ್ಯ. ಶರಣಾದವನನ್ನು ಕೊಲ್ಲಬಾರದು ಅನ್ನುವುದು ಬರೀ ಕತೆ ಆಗಿರಲಿಲ್ಲ. ಆದರೆ ಅದರ ಹಿಂದೆ ದುಡ್ಡೂ ಇತ್ತು. ದೊಡ್ಡ ಮನೆತನದವನು ಸೆರೆ ಸಿಕ್ಕರೆ ಬಿಡುಗಡೆ ಹಣ ಬರುತ್ತಿತ್ತು. ರೈತ ಸಿಕ್ಕರೆ ಏನು ಬರುತ್ತದೆ? ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ನೂರು ವರ್ಷದ ಯುದ್ಧದಲ್ಲಿ ಇಂಗ್ಲೆಂಡಿನ ಯುವರಾಜ, ರಾವುತರಿಗೆಲ್ಲ ಮಾದರಿ ಅಂತ ಹೊಗಳಿಸಿಕೊಂಡವನು, 1355ರಲ್ಲಿ ದಕ್ಷಿಣ ಫ್ರಾನ್ಸಿನ ಹಳ್ಳಿಗಳನ್ನು ಸುಡುತ್ತಾ ಹೋದ. 1415ರಲ್ಲಿ ಅಜಿನ್‌ಕೋರ್ಟ್‌ನಲ್ಲಿ ಇಂಗ್ಲೆಂಡಿನ ದೊರೆ ಐದನೇ ಹೆನ್ರಿ ಸೆರೆಯಾಳುಗಳನ್ನು ಕೊಲ್ಲಲು ಅಪ್ಪಣೆ ಕೊಟ್ಟ. ಇದೆಲ್ಲ ಮುಚ್ಚಿಡಬಾರದು.

ಹಾಗಂತ ಎಲ್ಲ ಸುಳ್ಳು ಅಂತಲೂ ಅಲ್ಲ. ಜೆಫ್ರಾಯ್ ದ ಶಾರ್ನಿ ಅಂತ ಒಬ್ಬ ಫ್ರೆಂಚ್ ರಾವುತ ಇದ್ದ. ರಾವುತಿಕೆಯ ಬಗ್ಗೆ ಪುಸ್ತಕವನ್ನೇ ಬರೆದ. ಜಾಸ್ತಿ ಮಾಡಿದವನಿಗೆ ಜಾಸ್ತಿ ಬೆಲೆ ಅನ್ನುವುದು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. 1356ರಲ್ಲಿ ಪ್ವಾಟಿಯೇ ಯುದ್ಧದಲ್ಲಿ ತನ್ನ ದೊರೆಯ ಧ್ವಜ ಹಿಡಿದೇ ಸತ್ತ. ಬರೆದದ್ದನ್ನು ಬದುಕಿದವರೂ ಇದ್ದರು. ಕವಿಗಳು ಈ ಕತೆಗಳನ್ನು ಬರೆದದ್ದು ರಾವುತರು ಹೀಗೇ ಇದ್ದಾರೆ ಅಂತ ಹೇಳುವುದಕ್ಕಿಂತ ಹೀಗೆ ಇರಿ ಅಂತ ಹೇಳುವುದಕ್ಕೆ ಅಂತ ನನಗೆ ಅನ್ನಿಸುತ್ತದೆ. ಕೈಯಲ್ಲಿ ಆಯುಧ ಇರುವವನಿಗೆ ಒಂದು ಗೆರೆ ಬೇಕು. ನಿಮಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಪುತ್ತರಿ ಸುಗ್ಗಿಯ ಹೊತ್ತಿನಲ್ಲಿ ಊರ ಬಯಲಾದ ಮಂದ್‌ನಲ್ಲಿ ಪರೆಯ ಕಳಿ ಆಟ ನೋಡಿರುತ್ತೀರಿ. ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಗುರಾಣಿ. ಮೊಣಕಾಲಿನ ಕೆಳಗೆ ಮಾತ್ರ ಹೊಡೆಯಬೇಕು. ಏಟು ಜೋರಾಗಿಯೇ ಬೀಳುತ್ತದೆ, ಮೀನಖಂಡದ ಮೇಲೆ ಬಾಸುಂಡೆ ಏಳುತ್ತದೆ. ಆಟ ಮುಗಿದ ಕೂಡಲೇ ಇಬ್ಬರೂ ತಬ್ಬಿಕೊಳ್ಳುತ್ತಾರೆ. ನನಗೆ ರಾವುತರ ಪಂದ್ಯದ ವರ್ಣನೆ ಓದುವಾಗೆಲ್ಲ ಕಣ್ಣಿಗೆ ಬರುವುದು ಆ ಮೊಣಕಾಲಿನ ಗೆರೆ.

ಪ್ರಶ್ನೆ: ಷಿವಲ್ರಿಗೆ ಕನ್ನಡದಲ್ಲಿ ಏನನ್ನಬೇಕು? – ಶಿಕ್ಷಕರು, ಕುಶಾಲನಗರ

ಉತ್ತರ: ಫ್ರೆಂಚಿನಲ್ಲಿ ಕುದುರೆಗೆ 'ಶವಾಲ್', ಸವಾರನಿಗೆ 'ಶವಾಲಿಯೆ'. ಷಿವಲ್ರಿ ಹುಟ್ಟಿದ್ದು ಅಲ್ಲಿಂದ. ನಮ್ಮಲ್ಲಿ ಕುದುರೆ ಸವಾರ ಯೋಧನಿಗೆ ರಾವುತ ಅನ್ನುವ ಚೆಂದದ ಪದ ಇದೆ, ಅದಕ್ಕೇ ನಾನು ರಾವುತಿಕೆ ಅನ್ನುತ್ತೇನೆ. ಕ್ಷಾತ್ರ ಅಂದರೆ ಬೇರೆ ಅರ್ಥಗಳೆಲ್ಲ ಜೊತೆಗೆ ಬರುತ್ತವೆ. ಮಾನಕ್ಕೆ ಮರ್ಯಾದೆ ಅನ್ನುವುದನ್ನೂ ಬಳಸಬಹುದು. ಆ ಪದಕ್ಕೆ ಎಲ್ಲೆ, ಗಡಿ ಅಂತಲೂ ಅರ್ಥ ಇದೆ ಅನ್ನುವುದು ನೆನಪಿರಲಿ.

ಪ್ರಶ್ನೆ: ಮಗಳ ಪಠ್ಯದಲ್ಲಿ ಈ ಕತೆಗಳನ್ನು ನೋಡಿದೆ. ಹೆಂಗಸರು ಗೋಪುರದಲ್ಲಿ ಕೂತು ಅಳುವುದು, ಗಂಡಸರು ಬಂದು ಬಿಡಿಸುವುದು. ಇದರಲ್ಲಿ ಹೆಂಗಸಿನ ಮಾನ ಎಲ್ಲಿದೆ? – ಗೃಹಿಣಿ, ಸೋಮವಾರಪೇಟೆ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಹೆಂಗಸರಿಗೆ ನೆರವಾಗುತ್ತೇನೆ ಅನ್ನುವ ಪ್ರತಿಜ್ಞೆ ಬಹಳ ಸಲ ಗಂಡಸು ಹೆಸರು ಮಾಡಿಕೊಳ್ಳುವ ದಾರಿ. ಅಷ್ಟೇ ಅಲ್ಲ, ಆ ಪ್ರತಿಜ್ಞೆಯನ್ನು ಬರೆದವನು ವಾರ್ವಿಕ್‌ಷೈರಿನ ಥಾಮಸ್ ಮ್ಯಾಲೊರಿ ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಆ ಮನುಷ್ಯನ ಮೇಲೆ ದರೋಡೆಯ ಜೊತೆ ಅತ್ಯಾಚಾರದ ಆರೋಪವೂ ಇತ್ತು. ಇದನ್ನು ತಿಳಿದೇ ಓದಬೇಕು.

ಆದರೆ ಪಠ್ಯಪುಸ್ತಕಕ್ಕೆ ಆರಿಸುವಾಗ ಅಳುವ ಹೆಂಗಸರನ್ನೇ ಆರಿಸುತ್ತಾರೆ, ಅದು ನನ್ನ ಹಳೆಯ ದೂರು. ಕ್ರೆತಿಯೆನ್‌ನ ಈವೇನ್ ಕತೆ ನೋಡಿ. ಮದುವೆಯಾದ ಹೊಸತರಲ್ಲೇ ಈವೇನ್ ಪಂದ್ಯಗಳಿಗೆ ಹೊರಡುತ್ತಾನೆ. ಹೆಂಡತಿ ಲೋದೀನ್ ಒಂದು ವರ್ಷದ ಗಡುವು ಕೊಟ್ಟು ಕಳಿಸುತ್ತಾಳೆ. ಅವನು ಗೆಲ್ಲುತ್ತಾ, ಹೊಗಳಿಸಿಕೊಳ್ಳುತ್ತಾ ಗಡುವನ್ನೇ ಮರೆಯುತ್ತಾನೆ. ಆಗ ಅವಳ ಕಡೆಯ ಹುಡುಗಿ ಒಬ್ಬಳು ಆರ್ಥರ್‌ನ ಎದುರಿಗೆ ಬಂದು, ತುಂಬಿದ ಸಭೆಯಲ್ಲಿ, ಇವನು ಕಳ್ಳ, ಮಾತಿಗೆ ತಪ್ಪಿದವನು ಅಂತ ಹೇಳಿ ಅವನ ಬೆರಳಿನಿಂದ ಉಂಗುರ ಕಿತ್ತುಕೊಳ್ಳುತ್ತಾಳೆ. ಈವೇನ್‌ಗೆ ಹುಚ್ಚು ಹಿಡಿಯುತ್ತದೆ, ಬಟ್ಟೆ ಹರಿದುಕೊಂಡು ಕಾಡು ಸೇರುತ್ತಾನೆ. ಕತ್ತಿ ಇಲ್ಲದ ಒಬ್ಬ ಹುಡುಗಿ, ನಾಲ್ಕು ಮಾತಲ್ಲಿ.

ಇಂಗ್ಲಿಷ್ ಕವಿ ಚಾಸರ್ ಬರೆದ, ಬಾತ್ ಊರಿನ ಹೆಂಗಸು ಹೇಳುವ ಕತೆಯೂ ಆರ್ಥರ್‌ನ ಆಸ್ಥಾನದ್ದೇ. ಒಬ್ಬ ರಾವುತ ದಾರಿಯಲ್ಲಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ಮಾಡುತ್ತಾನೆ. ತಲೆ ತೆಗೆಯುವ ಶಿಕ್ಷೆ ಆಗುತ್ತದೆ. ರಾಣಿ ಅವನನ್ನು ತನ್ನ ಕೈಗೆ ಕೇಳಿ ಪಡೆದು, ಹೆಂಗಸರಿಗೆ ಎಲ್ಲಕ್ಕಿಂತ ಬೇಕಾದದ್ದು ಏನು ಅಂತ ವರ್ಷದ ಮೇಲೊಂದು ದಿನದೊಳಗೆ ತಿಳಿದು ಬಾ ಅನ್ನುತ್ತಾಳೆ. ಅವನು ಮನೆ ಮನೆ ಕೇಳುತ್ತಾ ಅಲೆಯುತ್ತಾನೆ. ಕೊನೆಗೆ ಸಿಕ್ಕ ಉತ್ತರ: ಗಂಡನ ಮೇಲೂ ಪ್ರೀತಿಯ ಮೇಲೂ ಯಜಮಾನಿಕೆ. ಆದರೆ ಅನ್ಯಾಯ ಆದ ಆ ಹುಡುಗಿ ಕತೆಯಲ್ಲಿ ಮತ್ತೆ ಬರುವುದೇ ಇಲ್ಲ. ನನಗೆ ಈಗಲೂ ಅದು ಕಾಡುತ್ತದೆ. ನಿಮ್ಮ ಮಗಳ ಜೊತೆ ಕೂತು ಇದನ್ನು ಓದಿ, ಅವಳು ಎಲ್ಲಿದ್ದಾಳೆ ಅಂತ ಕೇಳಿ.

ಪ್ರಶ್ನೆ: ನಮ್ಮ ಕರ್ಣನನ್ನು ಲಾನ್ಸೆಲಾಟ್‌ಗೆ ಹೋಲಿಸಬಹುದೇ? – ಪದವಿ ವಿದ್ಯಾರ್ಥಿ, ಮಡಿಕೇರಿ

ಉತ್ತರ: ಹೋಲಿಸಿ, ಆದರೆ ಇಬ್ಬರೂ ಒಂದೇ ಅಂತ ತೀರ್ಮಾನ ಮಾಡಿಕೊಂಡು ಹೊರಡಬೇಡಿ. ಲಾನ್ಸೆಲಾಟ್‌ಗೆ ಇರುವುದು ಮೂರು ಕಟ್ಟು: ದೊರೆ, ದೊರೆಯ ಹೆಂಡತಿ, ಜೊತೆಗಾರರು. ಯಾವುದನ್ನು ಉಳಿಸಿಕೊಂಡರೂ ಇನ್ನೊಂದು ಹೋಗುತ್ತದೆ. ಮ್ಯಾಲೊರಿಯಲ್ಲಿ ಗ್ವಿನಿವಿಯರಳನ್ನು ಸುಡಲು ಕರೆತಂದಾಗ ಗಾರೆತ್, ಗಾಹೆರಿಸ್ ಎಂಬ ಅಣ್ಣತಮ್ಮಂದಿರು ರಾಜನ ಅಪ್ಪಣೆ ಮೀರಲಾರದೆ ಬರುತ್ತಾರೆ, ಆದರೆ ಮನಸ್ಸಿಲ್ಲದೆ, ಕವಚ ತೊಡದೆ, ಆಯುಧ ಹಿಡಿಯದೆ ಬರುತ್ತಾರೆ. ಲಾನ್ಸೆಲಾಟ್ ರಾಣಿಯನ್ನು ಬಿಡಿಸಲು ನುಗ್ಗುತ್ತಾನೆ. ಗದ್ದಲದಲ್ಲಿ ಗುರುತು ಸಿಗದೆ ಇಬ್ಬರನ್ನೂ ಕಡಿದು ಹಾಕುತ್ತಾನೆ. ಗಾರೆತ್‌ಗೆ ರಾವುತ ಪಟ್ಟ ಕಟ್ಟಿದ್ದು ಇದೇ ಲಾನ್ಸೆಲಾಟ್. ಅಲ್ಲಿಯವರೆಗೆ ಲಾನ್ಸೆಲಾಟ್‌ನ ಪರ ನಿಂತಿದ್ದ ಅವರ ಅಣ್ಣ ಗಾವೇನ್ ಆ ಸುದ್ದಿ ಕೇಳಿ ಮೂರ್ಛೆ ಹೋಗುತ್ತಾನೆ. ಎದ್ದಾಗ ಅವನು ಬೇರೆ ಮನುಷ್ಯ. ದುಂಡು ಮೇಜು ಒಡೆದದ್ದು ಅಲ್ಲಿ. ಇಡೀ ಪುಸ್ತಕದಲ್ಲಿ ಇಷ್ಟು ಸಂಕಟ ಕೊಡುವ ಜಾಗ ನನಗೆ ಇನ್ನೊಂದಿಲ್ಲ, ಯಾಕೆಂದರೆ ಅಲ್ಲಿ ಯಾರೂ ಕೆಟ್ಟವರಲ್ಲ.

ಕರ್ಣನದ್ದು ಅನ್ನದ ಋಣ. ಹಳಗನ್ನಡದಲ್ಲಿ ಅದಕ್ಕೆ ಜೋಳವಾಳಿ ಅಂತ ಪದವೇ ಇದೆ, ಉಂಡ ಜೋಳಕ್ಕೆ ಸಲ್ಲಿಸಬೇಕಾದ ಸೇವೆ. ಒಡೆಯನ ಜೊತೆಗೇ ಸಾಯುವ ಪಣಕ್ಕೆ ವೇಳೆವಾಳಿ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹತ್ತಿರ ಕುವರ ಲಕ್ಷ್ಮನ ಶಾಸನ ಇದೆ, ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನಿಗಾಗಿ ಪ್ರಾಣ ಕೊಟ್ಟ ಗರುಡ ಅವನು, ಅಂದರೆ ಅಂಥ ಪಣ ತೊಟ್ಟ ಅಂಗರಕ್ಷಕ. ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅದೇ ಹೊತ್ತಿನಲ್ಲಿ ಕ್ರೆತಿಯೆನ್ ಫ್ರಾನ್ಸಿನಲ್ಲಿ ಬರೆಯುತ್ತಿದ್ದ. ನಿಮ್ಮ ಪ್ರಬಂಧಕ್ಕೆ ಕರ್ಣನ ಬದಲು ಈ ಗರುಡರನ್ನು ಹಿಡಿದರೆ ಇನ್ನೂ ಗಟ್ಟಿ ಹೋಲಿಕೆ ಸಿಗುತ್ತದೆ. ಗರುಡನಿಗೆ ಒಂದೇ ಕಟ್ಟು. ಸಾವಿನಲ್ಲಿ ಅದು ಪೂರ್ತಿ ಆಗುತ್ತದೆ. ಲಾನ್ಸೆಲಾಟ್‌ಗೆ ಹಾಗೆ ಸಾಯುವ ಅನುಕೂಲವೂ ಇಲ್ಲ.

ಪ್ರಶ್ನೆ: ಗಾವೇನ್ ಹಸಿರು ಪಟ್ಟಿ ಬಚ್ಚಿಟ್ಟದ್ದು ಅಷ್ಟು ದೊಡ್ಡ ತಪ್ಪೇ? ಜೀವ ಉಳಿಸಿಕೊಳ್ಳಲು ಯಾರಾದರೂ ಹಾಗೇ ಮಾಡುತ್ತಾರೆ ಅಲ್ವಾ? – ಓದುಗರು, ಪೊನ್ನಂಪೇಟೆ

ಉತ್ತರ: ಕತೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಹೊಸ ವರ್ಷದ ಊಟದ ಹೊತ್ತಿಗೆ ಪೂರ್ತಿ ಹಸಿರು ಬಣ್ಣದ ರಾವುತನೊಬ್ಬ ಸಭೆಗೆ ಬರುತ್ತಾನೆ. ನನಗೆ ಒಂದು ಏಟು ಹಾಕಿ, ವರ್ಷ ಕಳೆದು ನಾನು ಒಂದು ಹಾಕುತ್ತೇನೆ ಅನ್ನುತ್ತಾನೆ. ಗಾವೇನ್ ಕೊಡಲಿ ತಗೊಂಡು ಅವನ ತಲೆ ಹಾರಿಸುತ್ತಾನೆ. ಆತ ತಲೆಯನ್ನು ಕೈಯಲ್ಲಿ ಎತ್ತಿಕೊಂಡು, ವರ್ಷದ ಮೇಲೆ ಹಸಿರು ಗುಡಿಗೆ ಬಾ ಅಂತ ಹೇಳಿ ಹೋಗುತ್ತಾನೆ.

ಮಾತಿನಂತೆ ಹೊರಟ ಗಾವೇನ್ ದಾರಿಯಲ್ಲಿ ಒಂದು ಕೋಟೆಯಲ್ಲಿ ಉಳಿಯುತ್ತಾನೆ. ಅಲ್ಲಿಯ ಯಜಮಾನನ ಜೊತೆ ಒಂದು ಒಪ್ಪಂದ: ಮೂರು ದಿನ ಯಜಮಾನ ಬೇಟೆಯಲ್ಲಿ ಗಳಿಸಿದ್ದು ಗಾವೇನ್‌ಗೆ, ಗಾವೇನ್ ಮನೆಯಲ್ಲಿ ಗಳಿಸಿದ್ದು ಯಜಮಾನನಿಗೆ. ಜಿಂಕೆ, ಹಂದಿ, ನರಿ ಹೀಗೆ ಮೂರು ದಿನದ ಬೇಟೆ. ಮಾಂಸ ಬಿಡಿಸಿ ಪಾಲು ಹಾಕುವುದು, ನಾಯಿಗಳಿಗೆ ಅವುಗಳ ಪಾಲು ಕೊಡುವುದು ಎಲ್ಲ ಎಷ್ಟು ವಿವರವಾಗಿದೆ ಅಂದರೆ, ಅಜ್ಜಂದಿರ ಬಾಯಲ್ಲಿ ಹಳೆಯ ಬೇಟೆ ಕತೆ ಕೇಳಿದ ಕೊಡಗಿನವರಿಗೆ ಅಡಿಟಿಪ್ಪಣಿ ಬೇಕಾಗುವುದಿಲ್ಲ. ಇತ್ತ ಯಜಮಾನನ ಹೆಂಡತಿ ದಿನಾ ಬೆಳಿಗ್ಗೆ ಗಾವೇನ್‌ನ ಕೋಣೆಗೆ ಬರುತ್ತಾಳೆ. ಮೊದಲ ದಿನ ಒಂದು ಮುತ್ತು, ಎರಡನೇ ದಿನ ಎರಡು, ಮೂರನೇ ದಿನ ಮೂರು. ಅಷ್ಟನ್ನೂ ಅವನು ಸಂಜೆ ಯಜಮಾನನಿಗೆ ಲೆಕ್ಕ ಒಪ್ಪಿಸುತ್ತಾನೆ. ಆದರೆ ಮೂರನೇ ದಿನ ಅವಳು ಸೊಂಟದ ಹಸಿರು ರೇಷ್ಮೆ ಪಟ್ಟಿಯನ್ನೂ ಕೊಡುತ್ತಾಳೆ. ನಮ್ಮ ಚೇಲೆಯ ಹಾಗೆ ನಡುವಿಗೆ ಕಟ್ಟುವಂಥದ್ದು. ಅದನ್ನು ಕಟ್ಟಿದವನನ್ನು ಯಾರೂ ಕೊಲ್ಲಲಾರರು ಅನ್ನುತ್ತಾಳೆ. ಅದನ್ನು ಮಾತ್ರ ಗಾವೇನ್ ಹೇಳುವುದಿಲ್ಲ.

ಹಸಿರು ಗುಡಿಯಲ್ಲಿ ಕೊಡಲಿ ಮೂರು ಸಲ ಏಳುತ್ತದೆ. ಮೊದಲ ಸಲ ಗಾವೇನ್ ಭುಜ ಕುಗ್ಗಿಸುತ್ತಾನೆ, ಏಟು ನಿಲ್ಲುತ್ತದೆ. ಎರಡನೇ ಸಲ ಕದಲುವುದಿಲ್ಲ, ಆದರೂ ಏಟು ನಿಲ್ಲುತ್ತದೆ. ಮೂರನೇ ಸಲ ಕತ್ತಿನ ಚರ್ಮ ಸ್ವಲ್ಪ ಸೀಳುತ್ತದೆ, ಹಿಮದ ಮೇಲೆ ರಕ್ತ ಬೀಳುತ್ತದೆ. ಹಸಿರು ರಾವುತ ಬೇರೆ ಯಾರೂ ಅಲ್ಲ, ಕೋಟೆಯ ಯಜಮಾನನೇ. ಆ ಗೀರು ಪಟ್ಟಿಯ ಲೆಕ್ಕಕ್ಕೆ. ನಿನಗೆ ಜೀವದ ಆಸೆ ಇತ್ತು, ಅದಕ್ಕೇ ನಿನ್ನ ಮೇಲೆ ನನಗೆ ಸಿಟ್ಟು ಕಡಿಮೆ ಅನ್ನುತ್ತಾನೆ.

ನಿಮ್ಮ ಮಾತೂ ಅದೇ ಅಲ್ವಾ? ಆಸ್ಥಾನಕ್ಕೆ ವಾಪಸ್ ಬಂದಾಗ ಅಲ್ಲಿಯವರೂ ಅದನ್ನೇ ಹೇಳುತ್ತಾರೆ. ನಗುತ್ತಾರೆ, ಸಮಾಧಾನ ಮಾಡುತ್ತಾರೆ, ಎಲ್ಲರೂ ಒಂದೊಂದು ಹಸಿರು ಪಟ್ಟಿ ಕಟ್ಟಿಕೊಳ್ಳುತ್ತಾರೆ. ಗಾವೇನ್ ಮಾತ್ರ ಇದು ನನ್ನ ತಪ್ಪಿನ ಗುರುತು, ಬದುಕಿರುವವರೆಗೆ ಕಟ್ಟಿರುತ್ತೇನೆ ಅನ್ನುತ್ತಾನೆ. ಊರು ಕ್ಷಮಿಸಿತು, ಏಟು ಹಾಕಿದವನೂ ಕ್ಷಮಿಸಿದ. ಕವಿ ಇದರಲ್ಲಿ ಯಾರದು ಸರಿ ಅಂತ ಹೇಳುವುದಿಲ್ಲ. ನನ್ನ ಮಟ್ಟಿಗೆ ಗಾವೇನ್‌ದೇ ಸರಿ. ಪಟ್ಟಿ ಸಣ್ಣದು, ಕೊಟ್ಟ ಮಾತು ಸಣ್ಣದಲ್ಲ. ಆದರೆ ತರಗತಿಯಲ್ಲಿ ಅರ್ಧ ಮಕ್ಕಳು ಯಾವಾಗಲೂ ನಿಮ್ಮ ಕಡೆಗೇ ಇರುತ್ತಿದ್ದರು.

ಪ್ರಶ್ನೆ: ಆರ್ಥರ್ ಕಲ್ಲಿನಿಂದ ಕಿತ್ತ ಕತ್ತಿ ಮತ್ತು ಅವನ ಎಕ್ಸ್‌ಕ್ಯಾಲಿಬರ್ ಕತ್ತಿ ಒಂದೇನಾ? – 9ನೇ ತರಗತಿ, ನಾಪೋಕ್ಲು

ಉತ್ತರ: ಕೆಲವು ಕತೆಯಲ್ಲಿ ಒಂದೇ ಪುಟ್ಟಾ. ಮ್ಯಾಲೊರಿಯಲ್ಲಿ ಹೆಚ್ಚು ಕಡಿಮೆ ಎರಡು. ಕಲ್ಲಿನಿಂದ ಕಿತ್ತದ್ದು ಜಗಳದಲ್ಲಿ ಮುರಿಯುತ್ತದೆ. ಆಮೇಲೆ ಸರೋವರದ ನಡುವೆ ನೀರಿನಿಂದ ಎದ್ದ ಒಂದು ಕೈಯಿಂದ ಹೊಸ ಕತ್ತಿ ಸಿಗುತ್ತದೆ. ಆಗ ಆರ್ಥರ್‌ನ ಜೊತೆಗಿದ್ದ ಮಾಂತ್ರಿಕ ಮರ್ಲಿನ್ ಕೇಳುತ್ತಾನೆ: ಕತ್ತಿ ಇಷ್ಟವೋ, ಒರೆಯೋ? ಆರ್ಥರ್ ಕತ್ತಿ ಅನ್ನುತ್ತಾನೆ. ನಿನಗೆ ತಿಳಿಯಲಿಲ್ಲ, ಈ ಒರೆ ಅಂಥ ಹತ್ತು ಕತ್ತಿಗೆ ಸಮ, ಇದು ಸೊಂಟದಲ್ಲಿ ಇರುವವರೆಗೆ ಎಷ್ಟು ಗಾಯ ಆದರೂ ರಕ್ತ ಹೋಗುವುದಿಲ್ಲ ಅನ್ನುತ್ತಾನೆ ಮರ್ಲಿನ್. ಆಯುಧಕ್ಕೆ ಪೂಜೆ ಮಾಡುವ ಕೈಲ್ ಪೊಳ್ದ್ ಹಬ್ಬದ ದಿನ ಮನೆಯಲ್ಲಿ ಕೋವಿ, ಕತ್ತಿಗೆಲ್ಲ ತೋಕ್ ಹೂವು ಇಡುವಾಗ ಪೀಚೆಕತ್ತಿಯ ಒರೆಯನ್ನೂ ಕೈಯಲ್ಲಿ ಹಿಡಿದು ನೋಡು. ಆರ್ಥರ್‌ನ ಒರೆಯನ್ನು ಅವನ ಅಕ್ಕ ಮಾರ್ಗನ್ ಕದ್ದು ನೀರಿಗೆ ಎಸೆದಳು. ಕೊನೆಯ ಯುದ್ಧದಲ್ಲಿ, ಎದುರು ನಿಂತ ಮಗ ಮೋರ್ಡ್ರೆಡ್‌ನ ಕತ್ತಿ ಆರ್ಥರ್‌ನ ತಲೆಗೆ ಬಿದ್ದಾಗ ಅದು ಅವನ ಸೊಂಟದಲ್ಲಿ ಇರಲಿಲ್ಲ.